ರಾಟಿ ನಿಲ್ಲಿಸಿದ ಹಾಜಿರಾಬಿ

ಹಾಜಿರಾಬಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಅವಳ ಬಗ್ಗೆ ನಾನು ಬರೆಯುವ ನಾಲ್ಕು ಒಳ್ಳೆಯ ಮಾತು ಓದಿ ನೀವು ನನ್ನನ್ನು ದೊಡ್ಡ ಮನಸ್ಸಿನವಳೆಂದು ತಿಳಿದುಕೊಂಡೀರಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನೋಡಲು ಹೇಳಿಕೊಳ್ಳುವಂಥ ರೂಪವೂ ಇರಲಿಲ್ಲ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಜೋಳದ ಕಾಳು ತೂರುವಷ್ಟು ಸಂದಿ. ಆದರೂ ಬೆಟಗೇರಿಯ ಅಂದಪ್ಪ ಸಾವಕಾರರ ಪಡಸಾಲೆಯಲ್ಲಿ ಹತ್ತು ಹೆಂಗಸರು ಅವಳ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಆ ಹತ್ತೂ ಜನ ಮೊದಲು ನನ್ನ ಬಾಯಿ ನೋಡುತ್ತಿದ್ದವರು.

ಅಂದಪ್ಪನವರ ಮನೆಯ ಹಿಂದೆ ಎಂಟು ಕೈಮಗ್ಗಗಳಿದ್ದವು. ಗಂಡಸರು ಅಲ್ಲಿ ಸೀರೆ ನೇಯುತ್ತಿದ್ದರು, ನಾವು ಹೆಂಗಸರು ಮುಂದಿನ ಪಡಸಾಲೆಯಲ್ಲಿ ರಾಟಿ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದೆವು. ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ಬೆರಳುದ್ದದ ಕೊಳವೆ. ಅದರ ಮೇಲೆ ನೂಲು ಸುತ್ತಿ ಕೊಟ್ಟರೆ ಮಗ್ಗ ನಡೆಯುತ್ತದೆ, ಕೊಡದಿದ್ದರೆ ನಿಲ್ಲುತ್ತದೆ. ಕೈಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ. ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಕಥೆ.

ಕಥೆ ಹೇಳುವವಳು ಒಬ್ಬಳಿದ್ದರೆ ಹೂಂ ಅನ್ನುವವಳು ಒಬ್ಬಳಿರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಮಾತು ಮುಗಿದ ಕೂಡಲೆ ಅವಳು ಹೂಂ ಅನ್ನಬೇಕು, ಆಮೇಲೆಯೇ ಕಥೆ ಮುಂದಕ್ಕೆ. ನಮ್ಮಲ್ಲಿ ಆ ಅಧಿಕಾರ ಸುಮಿತ್ರವ್ವನದು. ಎಲ್ಲರಿಗಿಂತ ಹಿರಿಯಳು, ನಾವೆಲ್ಲ ಅತ್ತಿ ಎಂದು ಕರೆಯುತ್ತಿದ್ದೆವು. ಕಥೆ ಹೇಳುವ ಅಧಿಕಾರ ನನ್ನದು. ನಮ್ಮಪ್ಪ ನಾಗಾವಿಯ ಗಾಂವಠಿ ಶಾಲೆಯ, ಅಂದರೆ ಹಳ್ಳಿಶಾಲೆಯ, ಮಾಸ್ತರ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಇಡೀ ಓಣಿಯಲ್ಲಿ ಪುಸ್ತಕ ಓದಬಲ್ಲ ಹೆಂಗಸು ಹನಮಂತವ್ವ ಒಬ್ಬಳೇ ಎಂದು ಜನ ಅನ್ನುತ್ತಿದ್ದರು. ಅನ್ನದಿದ್ದರೆ ನಾನೇ ಅನ್ನಿಸುತ್ತಿದ್ದೆ.

ನನ್ನ ಕಥೆಗಳಲ್ಲಿ ರಾಜನಿರುತ್ತಿದ್ದ, ಏಳು ಮಕ್ಕಳಿರುತ್ತಿದ್ದರು, ಕಿರಿಯವನು ಗೆಲ್ಲುತ್ತಿದ್ದ. ಮಲತಾಯಿ ಕೆಡುತ್ತಿದ್ದಳು. ಸತ್ಯಕ್ಕೆ ಜಯವಾಗುತ್ತಿತ್ತು. ಅದರಲ್ಲಿ ತಪ್ಪೇನಿದೆ? ಆದರೆ ಸುಮಿತ್ರವ್ವನ ಹೂಂ ಮಾತ್ರ ನನ್ನ ಮಾತು ಮುಗಿಯುವ ಮೊದಲೇ ಬಂದುಬಿಡುತ್ತಿತ್ತು.

“ಒಂದೂರಾಗ ಒಬ್ಬ ಬಡವ, ಒಬ್ಬ ಸಾವಕಾರ—” ಎಂದು ನಾನು ಶುರುಮಾಡಿದರೆ, “ಹೂಂ, ಸಾವಕಾರ ಕೆಡ್ತಾನ, ಮುಂದ ಹೇಳು” ಅನ್ನುತ್ತಿದ್ದಳು.

ಮುದುಕಿಗೆ ಸೊಕ್ಕು ಎಂದು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂದಪ್ಪ ಸಾವಕಾರರಂತೂ ಕಂಡಿಕೆಯ ಬುಟ್ಟಿ ನೋಡಿ, “ಹನಮಂತವ್ವ ಕಥಿ ಹೇಳಿದ ದಿವಸ ಬುಟ್ಟಿ ಜಲ್ದಿ ತುಂಬತಾವ ನೋಡ್ರಿ” ಅನ್ನುತ್ತಿದ್ದರು. ಎರಡು ವರ್ಷ ಅದನ್ನು ನಾನು ಹೊಗಳಿಕೆಯೆಂದು ತಿಳಿದು ಮನೆಗೆ ಹೋಗಿ ಗಂಡನಿಗೂ ಹೇಳಿದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ ಹಾಜಿರಾಬಿ ಬಂದಳು. ಅವಳ ಗಂಡ ಮುರ್ತುಜಾ ನೇಕಾರ. ಅಂದಪ್ಪನವರಲ್ಲಿ ಎಂಟನೆಯ ಮಗ್ಗಕ್ಕೆ ಕೂತ. ಅವಳು ನನ್ನ ಎದುರಿನ ರಾಟಿಗೆ ಕೂತಳು. ತವರು ಲಕ್ಷ್ಮೇಶ್ವರ. ಅಪ್ಪ ಅಲ್ಲಾಸಾಬ ಬಳೆ ಮಾರುವವನು. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಶಿರಹಟ್ಟಿಯ ತನಕ ಹಳ್ಳಿ ಹಳ್ಳಿ ತಿರುಗುತ್ತಿದ್ದ. ತಾಯಿ ಬೇಗ ಹೋದದ್ದರಿಂದ ಮಗಳೂ ಅವನ ಹಿಂದೆ. ಮೊಹರಂ ಬಂತೆಂದರೆ ಅಲ್ಲಾಸಾಬ ಬಳೆ ಬಿಟ್ಟು ರಿವಾಯತ ಪದ ಹಾಡುತ್ತಿದ್ದ. ಕರ್ಬಲಾದ ಕಥೆ, ಅಚ್ಚ ಕನ್ನಡದಲ್ಲಿ. ಕೇಳುವವರಲ್ಲಿ ಲಿಂಗ ಕಟ್ಟಿದವರೂ ಇರುತ್ತಿದ್ದರು, ನಮಾಜು ಮಾಡುವವರೂ ಇರುತ್ತಿದ್ದರು. ಇದನ್ನೆಲ್ಲ ಅವಳೇ ಹೇಳಿದ್ದು.

“ನಮ್ಮಪ್ಪ ವರ್ಷಾ ಅದ ಪದ ಹಾಡತಿದ್ದ ಅಕ್ಕಾ. ಮಂದಿ ವರ್ಷಾ ಅಳತಿದ್ರು,” ಅಂದಳು.

“ಒಮ್ಮೆ ಕೇಳಿದ್ದನ್ನ ಮತ್ತ ಮತ್ತ ಕೇಳಿ ಅಳೂದಂದ್ರ ಬುದ್ಧಿ ಇಲ್ಲದ ಮಂದಿ,” ಎಂದೆ ನಾನು. ಅವಳು ಹಲ್ಲಿನ ಸಂದಿಯಲ್ಲಿ ನಾಲಿಗೆ ಇಟ್ಟು ಸುಮ್ಮನೆ ನಕ್ಕಳು. ಆ ನಗೆಯೂ ನನಗೆ ಸೇರಲಿಲ್ಲ.

ಒಂದು ದಿನ ನನಗೆ ಗಂಟಲು ಕಟ್ಟಿತ್ತು. ಸುಮಿತ್ರವ್ವ, “ಲಕ್ಷ್ಮೇಶ್ವರದಾಕಿ, ನೀ ಒಂದು ಹೇಳ ನೋಡೋಣು” ಅಂದಳು. ಹಾಜಿರಾಬಿ ಒಂದು ಕುರಿ ಕಳೆದುಕೊಂಡವಳ ಕಥೆ ಹೇಳಿದಳು. ರಾಜನಿಲ್ಲ, ಮಂತ್ರಿಯಿಲ್ಲ, ನೀತಿಯಿಲ್ಲ. ಒಬ್ಬ ಹೆಂಗಸು, ಒಂದು ಕುರಿ, ಒಂದು ಹೊಲ. ನಡುವೆ ಎಲ್ಲೋ ನನ್ನ ಕಿವಿಗೆ ಏನೋ ಕಡಿಮೆಯಾದಂತೆ ಅನ್ನಿಸಿ ತಲೆಯೆತ್ತಿದೆ. ರಾಟಿಗಳ ಸದ್ದು ನಿಂತಿತ್ತು. ಎಲ್ಲರ ಕೈಯೂ ಹಿಡಿಕೆಯ ಮೇಲಿತ್ತು, ಯಾರೂ ತಿರುಗಿಸುತ್ತಿರಲಿಲ್ಲ. ಸುಮಿತ್ರವ್ವ ಹೂಂ ಅನ್ನುವುದನ್ನು ಮರೆತು ಬಾಯಿ ತೆರೆದುಕೊಂಡು ಕೂತಿದ್ದಳು.

ಸಾವಕಾರರ ಹೊಗಳಿಕೆಯ ಅರ್ಥ ನನಗೆ ಆಗ ಆಯಿತು. ನಾನು ಕಥೆ ಹೇಳಿದ ದಿನ ಬುಟ್ಟಿ ಬೇಗ ತುಂಬುತ್ತಿದ್ದದ್ದು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ.

ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಂದೇ. ಗಂಟಲು ಬಿಟ್ಟ ಮೇಲೆ ನಾನು ಮತ್ತೆ ಶುರುಮಾಡಿದೆ, ಆದರೆ ಹೆಂಗಸರ ಕಣ್ಣು ಎದುರಿನ ರಾಟಿಯ ಕಡೆಗೆ. “ಹಾಜಿರಾ, ನಾಳಿ ನೀ ಹೇಳವ್ವಾ” ಎಂದು ನನ್ನ ಕಥೆಯ ನಡುವೆಯೇ ಒಬ್ಬಳು ಅಂದಳು. ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ನನ್ನ ಕೈ ಎಷ್ಟು ಜೋರಾಗಿತ್ತೆಂದರೆ ಮಗಳು ದೇವವ್ವ, “ಯವ್ವಾ, ರೊಟ್ಟಿ ಏನ ಮಾಡೈತಿ ನಿನಗ?” ಎಂದು ಕೇಳಿದಳು.

ಯಾರೂ ಊಹಿಸಲಾರದ ಕಥೆ ಹೇಳುತ್ತೇನೆಂದು ಹಟ ತೊಟ್ಟೆ. ಮರುದಿನ ಕಿರಿಯ ರಾಜಕುಮಾರನಿಗೆ ಅರ್ಧ ಕಥೆಯಲ್ಲೇ ಹಾವು ಕಚ್ಚಿಸಿ ಕೊಂದುಬಿಟ್ಟೆ. ಈಗ ಏನನ್ನುತ್ತೀರಿ ಎಂದು ಸುತ್ತ ನೋಡಿದೆ. ಒಂದು ಗಳಿಗೆ ಎಲ್ಲರೂ ಬೆಚ್ಚಿದ್ದು ನಿಜ. ಸುಮಿತ್ರವ್ವ ನೂಲು ಕಿತ್ತು ಗಂಟು ಹಾಕುತ್ತ, “ಅಂಜಬ್ಯಾಡ್ರೇ, ನಾಳಿ ಎಬ್ಬಸ್ತಾಳ” ಅಂದಳು.

ನಾಳೆಗೆ ನಾನು ಒಬ್ಬ ಮುನಿಯನ್ನೂ ಒಂದು ತಂಬಿಗೆ ಮಂತ್ರಿಸಿದ ನೀರನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಸುಮಿತ್ರವ್ವನ ಮೇಲಿನ ಸಿಟ್ಟಿಗೆ ರಾಜಕುಮಾರನನ್ನು ಸತ್ತಂತೆಯೇ ಬಿಟ್ಟೆ. ಅದಕ್ಕೂ ಯಾರೂ ಅಳಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನಾನು ಕೇಳುವವರೇ ಡೊಂಕು ಎಂದುಕೊಂಡೆ.

ಮುಂದಿನ ಶ್ರಾವಣದಲ್ಲಿ, ಪಂಚಮಿಗೆ ವಾರವಿರುವಾಗ, ಹಾಜಿರಾಬಿ ನಾಲ್ಕು ಮಧ್ಯಾಹ್ನದ ದೊಡ್ಡ ಕಥೆಯೊಂದನ್ನು ಹಿಡಿದಳು. ತಂಗಿಯನ್ನು ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬಂಡಿ ಹೂಡಿಕೊಂಡು ಹೊರಡುತ್ತಾನೆ. ಹೊಳೆಯ ಆಚೆ ತಂಗಿಯ ಊರು. ಅವಳು ಅಲ್ಲಿ ದಾರಿ ಕಾಯುತ್ತಿದ್ದಾಳೆ. ಇಷ್ಟೇ. ಇಷ್ಟರಲ್ಲಿ ಮೂರು ದಿನ ಕಳೆದಿದ್ದಳು, ಅಣ್ಣ ಇನ್ನೂ ಹೊಳೆ ಮುಟ್ಟಿರಲಿಲ್ಲ. ಓಣಿಯ ನಲ್ಲಿಯಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ಅದೇ ಮಾತು. ಅಣ್ಣ ಬರುತ್ತಾನೋ ಇಲ್ಲವೋ ಎಂದು ನನ್ನ ಮಗಳೇ ನನ್ನನ್ನು ಕೇಳಿದಳು. ನನ್ನ ಕಥೆಯ ಬಗ್ಗೆ ಅವಳು ಎಂದೂ ಹಾಗೆ ಕೇಳಿದವಳಲ್ಲ.

ಮೂರನೆಯ ದಿನ ಕೆಲಸ ಬಿಟ್ಟು ಹೋಗುವಾಗ ದಾರಿಯಲ್ಲಿ ಹಾಜಿರಾಬಿಯ ಜೊತೆ ನಡೆದೆ. ದನಿಯಲ್ಲಿ ಬೆಲ್ಲ ಹಾಕಿಕೊಂಡು, “ಹಾಜಿರಾ, ಕಡೀಗೆ ಏನಾಕ್ಕೈತಿ? ನನಗಷ್ಟ ಹೇಳವ್ವಾ” ಎಂದೆ.

ಅವಳು ಮುಚ್ಚಿಡಬಹುದಿತ್ತು. “ಹೊಳಿ ಅವನ್ನ ಒಯ್ತೈತಿ ಅಕ್ಕಾ,” ಅಂದಳು. “ಎತ್ತು ಈಸಿ ದಂಡಿಗೆ ಬರ್ತಾವ. ತಂಗಿ ಬರೇ ಬಂಡಿ ನೋಡ್ತಾಳ.” ಹೇಳುವಾಗಲೇ ಅವಳ ದನಿ ತಗ್ಗಿತು.

ನಾನು ಮನೆಗೆ ಹೋಗಲಿಲ್ಲ. ಸುಮಿತ್ರವ್ವನ ಮನೆಯಿಂದ ಹಿಡಿದು ಪಡಸಾಲೆಯ ಒಬ್ಬೊಬ್ಬಳ ಬಾಗಿಲಿಗೂ ಹೋದೆ. ಒಂದು ಕಡೆ ಸಾಸಿವೆ ಕೇಳಿದೆ, ಇನ್ನೊಂದು ಕಡೆ ಜರಡಿ ಕೇಳಿದೆ, ಎಲ್ಲ ಕಡೆಯೂ, “ಅಣ್ಣ ಸಾಯ್ತಾನಂತ ನೋಡವ್ವಾ, ಹೊಳ್ಯಾಗ ಹೋಗ್ತಾನಂತ” ಎಂದು ಹೇಳಿ ಬಂದೆ. ಕತ್ತಲಾಗುವುದರೊಳಗೆ ಆ ಕಥೆಯಲ್ಲಿ ತಿಳಿಯದೆ ಉಳಿದದ್ದು ಏನೂ ಇರಲಿಲ್ಲ. ಅಷ್ಟು ರುಚಿಯ ಊಟವನ್ನು ನಾನು ಆ ವರ್ಷ ಉಂಡಿರಲಿಲ್ಲ.

ಮರುದಿನ ಹಾಜಿರಾಬಿ ಶುರುಮಾಡಿದ ಕೂಡಲೇ ಮಂಜವ್ವ ಎಂಬ ಹೊಸ ಸೊಸೆ, “ಅಣ್ಣ ಹೊಳ್ಯಾಗ ಹೋಗ್ತಾನಂತಲ್ಲ, ಹೌದೇನ?” ಅಂದುಬಿಟ್ಟಳು. ಹಾಜಿರಾಬಿ ನನ್ನ ಕಡೆ ಒಮ್ಮೆ ನೋಡಿದಳು. ಸಿಟ್ಟಾಗಲಿಲ್ಲ. “ಹೌದು,” ಎಂದು ಕಥೆಗೆ ಹೊರಳಿದಳು.

ಅಣ್ಣ ಊರ ಅಗಸೆ ಬಾಗಿಲು ದಾಟಿದ್ದಾನೆ. ತಾಯಿ ಮಗಳಿಗೆಂದು ತೆಗೆದಿಟ್ಟ ಕುಬಸದ ಕಣವನ್ನು ಮರೆತು ಬಂದದ್ದು ನೆನಪಾಗುತ್ತದೆ. ಹೋಗಲಿ ಬಿಡು, ಅಲ್ಲೇ ಒಂದು ಕೊಂಡರಾಯಿತು ಅಂದುಕೊಳ್ಳುತ್ತಾನೆ. ಮತ್ತೆ, ಅವ್ವ ಕೈಯಾರೆ ಆರಿಸಿದ್ದಲ್ಲವೇ ಅಂದುಕೊಳ್ಳುತ್ತಾನೆ. ಬಂಡಿ ತಿರುಗಿಸುತ್ತಾನೆ. ಹೊಳೆಯ ಮೇಲ್ಭಾಗದಲ್ಲಿ ಎಲ್ಲೋ ಮಳೆಯಾಗುತ್ತಿದೆ, ಅವನಿಗೆ ಗೊತ್ತಿಲ್ಲ.

“ತಿರುಗಬ್ಯಾಡೋ!” ಎಂದು ಸುಮಿತ್ರವ್ವ ಕೂಗಿದಳು. ಅರವತ್ತು ದಾಟಿದ ಹೆಂಗಸು, ಹಿಂದಿನ ಸಂಜೆ ನನ್ನ ಬಾಯಿಂದಲೇ ಕೊನೆ ಕೇಳಿದವಳು, ರಾಟಿಯ ಮೇಲೆ ಕೈಯಿಟ್ಟು ಇಲ್ಲದ ಬಂಡಿಯನ್ನು ತಡೆಯುತ್ತಿದ್ದಳು. ಮಂಜವ್ವ ಸೆರಗು ಕಚ್ಚಿಕೊಂಡಿದ್ದಳು. ಒಂದು ರಾಟಿಯೂ ತಿರುಗುತ್ತಿರಲಿಲ್ಲ. ನನ್ನದೂ ನಿಂತಿತ್ತು. ಎತ್ತು ನೀರಿಗೆ ಕಾಲಿಟ್ಟಾಗ, ಇವನು ದಾಟಿಬಿಡಲಿ ದೇವರೇ ಎಂದು ನಾನೇ ಬೇಡಿಕೊಂಡೆ. ಆಮೇಲೆ ಹಾಗೆ ಬೇಡಿಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸಂಜೆ ಸುಮಿತ್ರವ್ವನನ್ನು ಜಗಳಕ್ಕೆ ಕರೆದಂತೆ ಕೇಳಿದೆ. “ಕಡೀಗೆ ಏನಾಕ್ಕೈತಿ ಅಂತ ಗೊತ್ತಿತ್ತಲ್ಲ ಅತ್ತಿ? ಮತ್ಯಾಕ ಕೂಗಿದಿ? ನನ್ನ ಕಥಿಗೆ ಮಾತ್ರ ಮುಂದಿಂದೆಲ್ಲಾ ಗೊತ್ತೈತಿ ಅಂತ ಹೂಂ ಹೂಂ ಅಂತೀದಿ.”

ಸುಮಿತ್ರವ್ವ ಅಂಗಳದ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. “ನಿನ್ನ ಕಥ್ಯಾಗ ನೀ ಆ ಹುಡುಗನ ಕೈ ಹಿಡಕೊಂಡ ನಡಿತೀದಿ ಯವ್ವಾ. ಅಂವಗ ಏನೂ ಆಗಗೊಡಂಗಿಲ್ಲ. ಕೊಂದ್ರೂ ನೀನ ಕೊಲ್ತೀದಿ, ನಮಗ ಅಂಜಸಾಕ. ಅದು ಗೊತ್ತಾಗತೈತಿ. ಆಕಿ ಕಥ್ಯಾಗ ಆ ಹುಡುಗ ಒಬ್ಬನ ಇರ್ತಾನ. ಒಬ್ಬನ ಇದ್ದಾಂವನ್ನ ಬಿಟ್ಟು ನಾವು ಹೆಂಗ ರಾಟಿ ತಿರವೂದು?”

ಮುಲ್ಕಿ ಪರೀಕ್ಷೆಯ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಮಾತು ನಿಜವೆಂದು ಅಲ್ಲೇ ತಿಳಿಯಿತು, ಅದರಿಂದ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಸುಳ್ಳಾಗಿದ್ದರೆ ಬೈದು ಹಗುರಾಗಬಹುದಿತ್ತು.

ಇನ್ನು ಹೇಳಲು ಮನಸ್ಸಿಲ್ಲದ ಭಾಗ.

ಆ ವರ್ಷ ನೂಲಿಗೆ ಸರಕಾರದ ಕಂಟ್ರೋಲು ಇತ್ತು. ಸಿಕ್ಕಷ್ಟು, ಸಿಕ್ಕಂಥದು ತರಬೇಕು. ಪಂಚಮಿಯ ಮುಂದೆ ಬಂದ ನೂಲು ಬಹಳ ಕೆಟ್ಟದ್ದು; ನಾಲ್ಕು ಸುತ್ತಿಗೊಮ್ಮೆ ಹರಿಯುತ್ತಿತ್ತು. ಹರಿದಾಗಲೆಲ್ಲ ರಾಟಿ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಬೇಕು. ಕಂಡಿಕೆಗಳು ಅರ್ಧಕ್ಕೆ ಅರ್ಧ ಕಡಿಮೆಯಾದವು. ಕಥೆಗಾಗಿ ರಾಟಿ ನಿಂತದ್ದೂ ಉಂಟು, ಸುಳ್ಳಲ್ಲ; ಆದರೆ ಆ ಹೊತ್ತನ್ನು ಹೆಂಗಸರು ಸಂಜೆ ಅರ್ಧ ತಾಸು ಹೆಚ್ಚಿಗೆ ಕೂತು ತುಂಬಿಕೊಡುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಅದು ನನಗೆ ಗೊತ್ತಿತ್ತು, ಏಕೆಂದರೆ ನೂಲು ಬಿಚ್ಚಿ ಹಂಚುತ್ತಿದ್ದವಳು ನಾನು.

ಅಂದಪ್ಪ ಸಾವಕಾರರು ಒಂದು ದಿನ ಮಗ್ಗದ ಕಡೆಯಿಂದ ಕೆಂಪಗಾಗಿ ಬಂದರು. “ಮೂರು ಮಗ್ಗ ಖಾಲಿ ಕುಂತಾವ. ಇಲ್ಲಿ ಕಥಿ ಕೇಳ್ಕೋತ ಅಳಾಕತ್ತೀರಂತ, ಹೌದಿಲ್ಲೋ?” ಹೆಂಗಸರು ರಾಟಿಯ ಮೇಲೆ ತಲೆ ಬಗ್ಗಿಸಿದರು. ಅವರು ನನ್ನ ಕಡೆ ತಿರುಗಿದರು. “ಹನಮಂತವ್ವಾ, ನೀ ಓದಿದಾಕಿ, ಖರೆ ಹೇಳು. ಈಕಿ ಕಥಿಯಿಂದ ಕೆಲಸ ಕೆಟ್ಟೈತೋ, ಮತ್ತೇನರ ಐತೋ?”

‘ನೂಲು ಕೆಟ್ಟೈತ್ರಿ ಸಾವ್ಕಾರ್ರ’ ಎಂಬ ಒಂದು ಮಾತು ಸಾಕಿತ್ತು. ನಾನು ಹೇಳಿದ್ದರೆ ಅವರು ನಂಬುತ್ತಿದ್ದರು. ಎದುರಿನ ರಾಟಿಯಿಂದ ಹಾಜಿರಾಬಿ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವಂತೆ ಅಲ್ಲ, ನಾನು ಹೇಳಿಯೇ ಹೇಳುತ್ತೇನೆ ಎಂಬಂತೆ. ನಾನು ಕಂಡಿಕೆಯ ಬುಟ್ಟಿ ನೋಡುತ್ತ ಸುಮ್ಮನೆ ಕೂತೆ. ಸುಳ್ಳು ಹೇಳಲಿಲ್ಲ. ಸಾವಕಾರರು ನನ್ನ ಮೌನವನ್ನು ತಮಗೆ ಬೇಕಾದಂತೆ ಓದಿಕೊಂಡರು.

ನಾಳೆಯಿಂದ ಬರಬೇಡವೆಂದು ಅವಳಿಗೆ ಅಲ್ಲೇ ಹೇಳಿದರು. ಹೆಂಡತಿಗೆ ಕೆಲಸವಿಲ್ಲದ ಮನೆಯಲ್ಲಿ ತಾನೂ ನೇಯುವುದಿಲ್ಲವೆಂದು ಮುರ್ತುಜಾ ಮಗ್ಗ ಬಿಟ್ಟ. ಹದಿನೈದು ದಿನ ಬೇರೆ ಕಡೆ ಕೆಲಸಕ್ಕೆ ಅಲೆದರು; ಆ ನೂಲಿನ ಬರದಲ್ಲಿ ಹೊಸಬರನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಗಳು ಸಾಬೀರಾಳನ್ನು ಶಾಲೆಯಿಂದ ಬಿಡಿಸಿ ಮೂವರೂ ಮುಂಡರಗಿಗೆ ಹೋದರಂತೆ. ಮಾವ ಅಲ್ಲಾಸಾಬ ಬಿಟ್ಟುಹೋದ ಬಳೆಯ ವ್ಯಾಪಾರವನ್ನು ಮುರ್ತುಜಾ ಅಲ್ಲಿ ಹಿಡಿದನಂತೆ. ಇದೆಲ್ಲ ನನಗೆ ಬೇರೆಯವರಿಂದ ತಿಳಿದದ್ದು. ಬೀಳ್ಕೊಡಲು ನಾನು ಹೋಗಿರಲಿಲ್ಲ.

ಪಡಸಾಲೆ ಮತ್ತೆ ನನ್ನದಾಯಿತು. ರಾಜ ಬಂದ, ಏಳು ಮಕ್ಕಳು ಬಂದರು. ಸುಮಿತ್ರವ್ವ ಹೂಂ ಅನ್ನುವುದನ್ನೂ ಬಿಟ್ಟಳು. ಇನ್ನಾರೋ ಅನ್ನುತ್ತಿದ್ದರು. ಬುಟ್ಟಿಗಳು ತುಂಬುತ್ತಿದ್ದವು. ಬೇಕಾದದ್ದು ಸಿಕ್ಕಿತ್ತಲ್ಲ, ಹೊಟ್ಟೆಕಿಚ್ಚು ಆರಬೇಕಿತ್ತು, ಆರಲಿಲ್ಲ. ಮುಂಡರಗಿಯಲ್ಲಿ ಈಗ ಯಾರ ಕೆಲಸ ನಿಲ್ಲಿಸುತ್ತಿದ್ದಾಳೋ ಎಂದು ಯೋಚಿಸುತ್ತ ಕಥೆಯ ಎಳೆ ತಪ್ಪುತ್ತಿದ್ದೆ.

ಏಳು ವರ್ಷವಾಯಿತು. ನಮ್ಮ ದೇವವ್ವನನ್ನು ಮುಂಡರಗಿಗೆ ಕೊಟ್ಟೆವು. ಕನ್ನಡ ನಾಡು ಒಂದಾಯಿತೆಂದು ಗದಗಿನಲ್ಲಿ ಸಕ್ಕರೆ ಹಂಚಿದ ಮರುವಾರ ನಾನು ಅವಳನ್ನು ನೋಡಲು ಹೋದೆ. ಊಟವಾದ ಮೇಲೆ ಮಗಳು, “ಬಾ ಯವ್ವಾ, ಆಚಿಮನಿ ಕಟ್ಟಿಮ್ಯಾಲ ಕೌದಿ ಹೊಲ್ಯಾಕ ಕುಂತಾರ. ಅಲ್ಲೊಬ್ಬಾಕಿ ಕಥಿ ಹೇಳ್ತಾಳ, ಅಂಥಾದ್ದು ನೀ ಜಲ್ಮದಾಗ ಕೇಳಿಲ್ಲ” ಅಂದಳು. ಯಾರೆಂದು ನಾನು ಕೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಲ್ಲಿ ಆ ಹೊಗಳಿಕೆ ಕೇಳಿ ಎದೆ ಉರಿಯಿತು. ಹಾಜಿರಾಬಿ ಊರು ಬಿಟ್ಟಾಗ ದೇವವ್ವ ಹುಡುಗಿ, ಈಗ ಅವಳಿಗೆ ಗುರುತು ಹತ್ತಿರಲಿಲ್ಲ.

ಸೆರಗು ಮುಂದೆ ಎಳೆದುಕೊಂಡು ಹಿಂದೆ ಕೂತೆ. ಆರೇಳು ಹೆಂಗಸರು ಒಂದೇ ಕೌದಿಯ ನಾಲ್ಕು ಅಂಚಿಗೆ ಸೂಜಿ ಹಾಕಿದ್ದರು. ಹಾಜಿರಾಬಿಯ ಕೂದಲು ಬೆಳ್ಳಗಾಗಿತ್ತು, ದನಿ ಹಾಗೆಯೇ ಇತ್ತು. ಕಥೆ ಆಗಲೇ ನಡೆದಿತ್ತು. ಒಂದೂರು, ಒಂದು ಪಡಸಾಲೆ, ಹತ್ತು ರಾಟಿ. ಅಲ್ಲಿ ಓದಿದಾಕಿ ಒಬ್ಬಳು, ಓದದಾಕಿ ಒಬ್ಬಳು.

ಓಡಿಹೋಗಬೇಕೆನಿಸಿತು, ಆದರೂ ಕೂತೇ ಕೇಳಿದೆ. ನಾನು ಮನೆ ಮನೆಗೆ ಹೋಗಿ ಕೊನೆ ಹೇಳಿ ಬಂದದ್ದನ್ನು ಅವಳು ಬಿಡಲಿಲ್ಲ. ಆದರೆ ನಾನು ಮರೆತದ್ದನ್ನೂ ಬಿಡಲಿಲ್ಲ. “ಆಕಿ ಕೆಟ್ಟಾಕಿ ಅಲ್ಲ. ಓದದಾಕಿ ಮಗಳಿಗೆ ಜ್ವರ ಬಂದಾಗ ಮೂರು ದಿನ ಎಮ್ಮಿ ಹಾಲು ತಂದುಕೊಟ್ಟಾಕಿ ಆಕೀನ,” ಅಂದಳು. ಹಾಗೆ ತಂದುಕೊಟ್ಟದ್ದು ನಿಜ. ನನ್ನ ಕಥೆಯಲ್ಲಿ ನಾನು ಅದನ್ನು ಎಂದೂ ಹೇಳಿಕೊಂಡಿರಲಿಲ್ಲ.

ಸಾವಕಾರ ಬಂದ. ಖರೆ ಹೇಳು ಅಂದ. ಓದಿದಾಕಿ ಬುಟ್ಟಿ ನೋಡುತ್ತ ಕೂತಳು.

“ಹೇಳಬಾರದೇನ ಯವ್ವಾ, ಒಂದ ಮಾತು!” ಎಂದು ಒಬ್ಬಳು ಸೂಜಿ ಹಿಡಿದ ಕೈಯೆತ್ತಿ ಕೂಗಿದಳು. ನನ್ನ ಮಗಳು ತುಟಿ ಕಚ್ಚಿಕೊಂಡಿದ್ದಳು. ನಾನು ಏನು ಮಾಡಿದ್ದೆನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕಾದೆ, ಈ ಸಲವಾದರೂ ಓದಿದಾಕಿ ಬಾಯಿ ಬಿಟ್ಟಾಳೆಂದು. ಅವಳು ಬಿಡಲಿಲ್ಲ. ಓದದಾಕಿ ರಾಟಿ ಬಿಟ್ಟು ಎದ್ದು ಹೋದಳು.

“ಯಾಕ ಸುಮ್ಮನಿದ್ದಳು ಆಕಿ?” ದೇವವ್ವನೇ ಕೇಳಿದಳು.

“ನನಗ ಗೊತ್ತಿಲ್ಲ ತಂಗಿ,” ಅಂದಳು ಹಾಜಿರಾಬಿ. “ಬ್ಯಾರೆ ಕಥಿದೆಲ್ಲಾ ಕಡೀತನಾ ಗೊತ್ತೈತಿ. ಇದನ್ನ ಮಾತ್ರ ಇಲ್ಲಿಗೆ ನಿಲ್ಲಸ್ತೀನಿ. ಸುಳ್ಳ ಕಟ್ಟಿ ಹೇಳಿದ್ರ ನೂಲು ಹರದಂಗ ಗೊತ್ತಾಗತೈತಿ.”

ಮಗಳ ಗಂಡನ ಓಣಿ ಅದು. ಬಾಯಿ ಬಿಟ್ಟರೆ ದೇವವ್ವ ನಾಳೆಯಿಂದ ಈ ಹೆಂಗಸರ ನಡುವೆ ಯಾರ ಮಗಳಾಗಿ ಕೂರಬೇಕು ಎಂಬುದು ನನಗೆ ತಿಳಿದಿತ್ತು. ಸೆರಗು ಹಿಂದಕ್ಕೆ ಸರಿಸಿದೆ. ಹಾಜಿರಾಬಿ ನನ್ನನ್ನು ಕಂಡಳು, ಸೂಜಿಯನ್ನು ಕೌದಿಗೆ ಚುಚ್ಚಿ ಕೈ ಬಿಟ್ಟಳು. ಎಲ್ಲರೂ ತಿರುಗಿ ನನ್ನ ಬಾಯಿ ನೋಡಿದರು.

“ಈಕಿ ಹೇಳಿದಂಗ ಕಥಿ ಹೇಳಾಕ ನನಗ ಬರ್ತಿರಲಿಲ್ಲ,” ಎಂದೆ. “ಅದಕ್ಕ ಸುಮ್ಮನಿದ್ದೆ.”